ರಿಬ್ಬನ್ ಕತ್ತರಿಸಿದ್ರೆ ಕೆಲಸ ಮುಗೀತಾ?

ಇವತ್ತು ಬೆಳಿಗ್ಗೆ ನಮ್ಮ ಏರಿಯಾದ ಹೊಸ ಲೈಬ್ರರಿಗೆ ಹೋಗಿದ್ದೆ. ಉದ್ಘಾಟನೆಯಾಗಿ ಒಂದು ವಾರ. ಬಾಗಿಲ ಪಕ್ಕದ ಗ್ರಾನೈಟ್ ಕಲ್ಲಿನ ಮೇಲೆ ಹೆಸರುಗಳೆಲ್ಲ ಬಂಗಾರದ ಬಣ್ಣದಲ್ಲಿ ಫಳಫಳ ಹೊಳೆಯುತ್ತಿವೆ. ಒಳಗೆ ಕತ್ತಲು. ಕರೆಂಟಿನ ಮೀಟರ್ ಇನ್ನೂ ಬಂದಿಲ್ಲವಂತೆ. ಟಾಯ್ಲೆಟ್ ಹತ್ತಿರ ಪ್ಲಂಬರ್ ಒಬ್ಬ ಉಳಿ, ಸುತ್ತಿಗೆ ಹಿಡಿದು ಮೊನ್ನೆ ತಾನೇ ಪೇಂಟ್ ಆದ ಗೋಡೆಯನ್ನು ಕೆತ್ತುತ್ತಿದ್ದ. ಹೊಸ ಟೈಲ್ಸ್ ಮೇಲೆಲ್ಲ ಸಿಮೆಂಟ್ ಚಕ್ಕೆ. "ಏನಪ್ಪಾ, ಪೇಂಟ್ ಆದ್ಮೇಲೆ ಪೈಪಾ?" ಅಂದೆ. "ಸರ್, ನನ್ನನ್ನ ಕರೆದಿದ್ದೇ ನಿನ್ನೆ" ಅಂದ. ಪಾಪ, ಅವನಿಗೆ ಏನಂತ ಬೈಯೋದು?

ಇಪ್ಪತ್ತು ವರ್ಷ ಸೈಟುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು, ಇಂಥದ್ದು ನೋಡಿದ್ರೆ ಮೈ ಉರಿಯುತ್ತೆ ಕಣ್ರೀ. ನಮ್ಮಲ್ಲಿ ಪ್ಲಾನಿಂಗ್ ಅಂದ್ರೆ ಎರಡೇ ತಾರೀಖು. ಗುದ್ದಲಿ ಪೂಜೆ ಯಾವತ್ತು, ಉದ್ಘಾಟನೆ ಯಾವತ್ತು. ನಡುವಿನದ್ದು ದೇವರಿಗೆ ಬಿಟ್ಟಿದ್ದು. ಮುಗಿಯೋದು ಅಂದ್ರೆ ಏನು ಅಂತ ಯಾರಾದರೂ ಮೊದಲೇ ಬರೆದಿಟ್ಟುಕೊಳ್ತಾರಾ? ಸ್ವಿಚ್ ಒತ್ತಿದರೆ ಲೈಟ್ ಹತ್ತಬೇಕು, ನಲ್ಲಿ ತಿರುಗಿಸಿದರೆ ನೀರು ಬರಬೇಕು, ಒಬ್ಬ ಹುಡುಗ ಬಂದು ಕೂತು ಓದಬೇಕು. ಅಷ್ಟೇ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಮೀಟರಿಗೆ ಅರ್ಜಿ ಯಾವಾಗ ಹಾಕಬೇಕು, ಪ್ಲಾಸ್ಟರಿಂಗ್‌ಗೆ ಮುಂಚೆ ಯಾವ ಪೈಪು ಗೋಡೆಯೊಳಗೆ ಹೋಗಬೇಕು ಅಂತ ತಾನಾಗಿ ಗೊತ್ತಾಗುತ್ತೆ.

ದೆಹಲಿ ಮೆಟ್ರೋ ಕಟ್ಟಿಸಿದ ಇಂಜಿನಿಯರ್ ಇ. ಶ್ರೀಧರನ್ ಮಾಡಿದ್ದು ಇದನ್ನೇ. ಮೆಟ್ರೋ ಆಫೀಸು, ಸೈಟುಗಳಲ್ಲಿ ಹಿಂದಕ್ಕೆ ಎಣಿಸುವ ಬೋರ್ಡು ಹಾಕಿಸಿದ್ದರು, ಇನ್ನು ಎಷ್ಟು ದಿನ ಬಾಕಿ ಅಂತ. ದಿನಾ ಅದನ್ನು ನೋಡಿಕೊಂಡೇ ಕೆಲಸಕ್ಕೆ ಇಳಿಯಬೇಕು! 1998ರಲ್ಲಿ ಶುರುವಾದ ಮೊದಲ ಹಂತದ ಸುಮಾರು 65 ಕಿ.ಮೀ. ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ವರ್ಷ ಮೊದಲೇ, 2005ರಲ್ಲಿ ಮುಗೀತು.

"ದುಡ್ಡು ಟೈಮಿಗೆ ಬಿಡುಗಡೆ ಆಗಲ್ಲ ಸಾರ್, ನಿಮಗೇನು ಗೊತ್ತು" ಅಂತ ಕಾಮೆಂಟ್ ಹಾಕೋಕೆ ರೆಡಿಯಾಗಿರೋರು ಸ್ವಲ್ಪ ತಡೀರಿ. ತಡ ಆಗುತ್ತೆ, ಒಪ್ಪಿದೆ. ಅದೇ ಶ್ರೀಧರನ್ ಕೈಲಿದ್ದ ಕೊಂಕಣ ರೈಲೂ ತಡವಾಯ್ತು. ಗೋವಾದ ಪೆರ್ನೆಮ್ ಸುರಂಗದಲ್ಲಿ ಮೆತ್ತನೆ ಮಣ್ಣು ಕುಸಿದು ಕುಸಿದು ಬಿದ್ದು, ರೋಹಾದಿಂದ ನಮ್ಮ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಪೂರ್ತಿ ರೈಲು ಓಡೋಕೆ 1998ರ ಜನವರಿ ಬರಬೇಕಾಯ್ತು. ಗುಡ್ಡದ ಮಣ್ಣು ಮಾತು ಕೇಳಲಿಲ್ಲ ಅಂದ್ರೆ ಒಪ್ಪೋಣ. ಇಲ್ಲಿ ಯಾವ ಗುಡ್ಡ ಇತ್ತು? ಪ್ಲಂಬರಿಗೆ ಫೋನ್ ಮಾಡೋಕೂ ಸುರಂಗ ಕೊರೀಬೇಕಾ?

ಇಷ್ಟೆಲ್ಲ ಬರೆದು ಒಂದು ವಿಷಯ ಮುಚ್ಚಿಟ್ಟರೆ ನಮ್ಮನೆಗೆ ಬಂದು ಹೋದವರು ಕೆಳಗೆ ಬಂದು ನಗ್ತೀರಿ. ನಮ್ಮ ಗೃಹಪ್ರವೇಶದ ದಿನ ಹೆಂಡತಿ ಹಾಲು ಉಕ್ಕಿಸುವಾಗ ಹಿಂದಿನ ರೂಮಿನಲ್ಲಿ ಬಡಗಿ ಡ್ರಿಲ್ ಹೊಡೀತಿದ್ದ. ಮುಹೂರ್ತ ಬಿಟ್ಟರೆ ಮತ್ತೆ ಶ್ರಾವಣಕ್ಕೇ ಅಂತ ಅಮ್ಮ ಹಟ ಹಿಡಿದಿದ್ದರು, ನಾನೂ ಹೂಂ ಅಂದೆ. ಮೆಟ್ಟಿಲಿಗೆ ರೇಲಿಂಗ್ ಆಗಿರಲಿಲ್ಲ. ಸುಮ್ನೆ ಒಂದು ವಾರಕ್ಕೆ ಅಂತ ನಾನೇ ನೈಲಾನ್ ಹಗ್ಗ ಕಟ್ಟಿದೆ.

ನಾಲ್ಕು ವರ್ಷ ಆಯ್ತು. ಮಳೆಗಾಲದಲ್ಲಿ ಬಟ್ಟೆ ಒಣಗೋದು ಅದರ ಮೇಲೇ.