ಸತ್ಯಾಂಶ: ಸೆಂಟು ಮೂಸಿದೊಡನೆ ಪ್ರಜ್ಞೆ ತಪ್ಪುತ್ತದೆಯೇ?

ಮನೆ ಬಾಗಿಲಿಗೆ ಸೆಂಟು ಮಾರಲು ಬರುವವರು ಒಮ್ಮೆ ಮೂಸಲು ಕೊಟ್ಟು, ಪ್ರಜ್ಞೆ ತಪ್ಪಿಸಿ ದೋಚುತ್ತಾರೆ ಎಂಬ ಸಂದೇಶ ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಒಂದೇ ಉಸಿರಿಗೆ ಹಾಗಾಗುವುದಿಲ್ಲ. ಕ್ಲೋರೋಫಾರ್ಮ್‌ನಂತಹ ಅರಿವಳಿಕೆಯನ್ನೂ ಕೆಲವು ನಿಮಿಷ ಬಿಡದೆ ಉಸಿರಾಡಬೇಕಾಗುತ್ತದೆ.

ನನಗೆ ಹೆಚ್ಚು ಭಯವೆನಿಸುವುದು ನಾವು ಪೂರ್ಣ ಎಚ್ಚರದಲ್ಲಿರುವಾಗಲೇ ಕಣ್ಣೆದುರು ನಡೆಯುವ ಮೋಸ. ಹಿತ್ತಾಳೆ ದೀಪವನ್ನು ಫಳಫಳನೆ ಬೆಳಗಿ ನಂಬಿಕೆ ಗಳಿಸಿದ ಪಾಲಿಶ್‌ನವನು ಬಳಿಕ ಚಿನ್ನದ ಸರವನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಚಿನ್ನ ಅದರಲ್ಲಿ ಕರಗತೊಡಗುತ್ತದೆ. ಅರಿಶಿನದ ನೀರಿನ ಡಬ್ಬಿಯಲ್ಲಿ, "ಅರ್ಧ ಗಂಟೆ ಬಿಟ್ಟು ತೆಗೆಯಿರಿ ಅಮ್ಮಾ" ಎಂಬ ಮಾತಿನೊಂದಿಗೆ, ತೂಕ ಕಳೆದುಕೊಂಡ ಸರ ಮರಳುತ್ತದೆ. ಅಂಥವರನ್ನು ಗ್ರಿಲ್ ಬಾಗಿಲು ತೆರೆಯದೆಯೇ ಕಳುಹಿಸಿಬಿಡಿ. ಹಟ ಹಿಡಿದರೆ 112ಕ್ಕೆ ಕರೆ ಮಾಡಿ.