ಟಿಸಿ ಇಲ್ಲ ಅಂತ ವಾಪಸ್ ಬಂದೆವು

ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ಬರೆದರಾದರೂ ಹಗುರ ಆಗುತ್ತೇನೋ.

ನಮ್ಮ ಮನೆ ಎದುರು ಕಟ್ಟಡ ಏಳುತ್ತಿದೆಯಲ್ಲ, ಅಲ್ಲಿನ ತಗಡಿನ ಶೆಡ್ಡಿಗೆ ಯಾದಗಿರಿ ಕಡೆಯ ಒಂದು ಸಂಸಾರ ಬಂದಿದೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ನಾನು ನಿಲ್ಲುವವಳೇ, ನಿಮಗೆ ಗೊತ್ತು. ಹುಡುಗಿ ನಾಲ್ಕನೇ ಕ್ಲಾಸು. ಮರಳಿನ ರಾಶಿ ಮೇಲೆ ತಮ್ಮನನ್ನು ತೊಡೆಯಲ್ಲಿ ಕೂರಿಸಿಕೊಂಡು ಪರಿಸರ ಅಧ್ಯಯನದ ಪುಸ್ತಕ ಓದುತ್ತಿದ್ದಳು. ರಟ್ಟಿನ ತುಂಬ ಸಿಮೆಂಟಿನ ಬೆರಳಚ್ಚು. "ಸಾಲಿ ಬಿಟ್ಟು ಎರಡು ತಿಂಗಳಾತ್ರಿ" ಅಂದಳು. ಮಳೆ ಕೈಕೊಟ್ಟಿತು, ತೊಗರಿ ಒಣಗಿತು, ಗುಳೆ ಬಂದರು.

ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆ. "ಮೊದಲು ಟಿಸಿ ತನ್ನಿ" ಅಂದರು, ಅಂದರೆ ಹಳೇ ಶಾಲೆಯ ವರ್ಗಾವಣೆ ಪತ್ರ. ಅದೇ ಕೋಣೆಯ ಗೋಡೆ ಮೇಲೆ ಸುಸ್ಥಿರ ಅಭಿವೃದ್ಧಿಯ ಪೋಸ್ಟರ್. ನೀರು ಉಳಿಸಿ ಅಂತ. ನೀರಿಲ್ಲದೆ ಊರು ಬಿಟ್ಟ ಮಗು ಅದರ ಕೆಳಗೇ ನಿಂತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿ. ಟಿಸಿ ತಡವಾಯಿತು ಅಂತ ಮಗುವಿನ ಪ್ರವೇಶ ತಡೆಯುವ ಹಾಗಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಟಿಸಿ ಕೇಳುತ್ತಾರಲ್ಲ, ಸಿಟ್ಟು ಬರದೆ ಇರುತ್ತಾ?

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ಒಂದೇ ರಾಜ್ಯ! ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತ್ತು. ಆಮೇಲೆ ಸಂವಿಧಾನದ 371 (ಜೆ) ವಿಧಿ ಬಂತು, ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಕೆಲಸದಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ನಾಲ್ಕನೇ ಕ್ಲಾಸಿನಲ್ಲೇ ಶಾಲೆ ತಪ್ಪಿದ ಮಗು ಆ ಸೀಟಿನ ತನಕ ಹೋಗೋದು ಹೇಗೆ?

"ಅಜ್ಜಿ ಹತ್ತಿರ ಬಿಟ್ಟು ಬರಬಹುದಿತ್ತಲ್ವಾ" ಅಂತೀರಿ. ತಮ್ಮನನ್ನು ಯಾರು ನೋಡಿಕೊಳ್ಳಬೇಕು? ಅಜ್ಜಿಯೂ ಕೂಲಿಗೆ ಹೋಗುತ್ತಾಳೆ ಸ್ವಾಮಿ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅತಿಥಿ ಶಿಕ್ಷಕಿಯಾಗಿದ್ದಾಗ ದಸರಾ ಮುಗಿದ ಮೇಲೆ ಅರ್ಧ ಕ್ಲಾಸು ಖಾಲಿ ಇರುತ್ತಿತ್ತು. ನಾನು ಕೆಂಪು ಇಂಕಿನಲ್ಲಿ ಗೈರು ಹಾಕಿ ಪಾಠ ಮುಂದುವರಿಸುತ್ತಿದ್ದೆ. ಆ ಮಕ್ಕಳು ಯಾವ ಊರಿಗೆ ಹೋದರು, ಅಲ್ಲಿ ಶಾಲೆ ಸಿಕ್ಕಿತಾ ಅಂತ ಒಮ್ಮೆಯೂ ಕೇಳಲಿಲ್ಲ. ಇವಳ ಊರಿನ ಶಾಲೆಯಿಂದ ಒಂದು ಚೀಟಿ, ಒಂದು ಫೋನು ಬಂದಿದ್ದರೂ ಇವತ್ತು ಈ ಮಗು ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

ಹರಿಯುವ ನೀರನ್ನು ಹೊಲದಲ್ಲೇ ನಿಲ್ಲಿಸೋದು ಹೇಗೆ, ಮಳೆ ಕಡಿಮೆಯಾದರೂ ಯಾವ ಬೆಳೆ ನಿಲ್ಲುತ್ತದೆ, ಇವು ಅವಳ ಊರಿನ ಶಾಲೆಯಲ್ಲಿ ಕಲಿಸಬೇಕಾದ ಪಾಠಗಳು. ಆದರೆ ಕಲಿಯೋಕೆ ಅವಳು ಕ್ಲಾಸಿನಲ್ಲಿ ಇರಬೇಕಲ್ಲ.

ಸೆಕ್ಷನ್ 5ರ ಪ್ರಿಂಟ್ ತೆಗೆಸಿದ್ದೇನೆ. ನಾಳೆ ಹತ್ತು ಗಂಟೆಗೆ ಅವಳನ್ನು ಕರೆದುಕೊಂಡು ಮತ್ತೆ ಹೋಗುತ್ತೇನೆ.