ಜಾಗ ನೋಡದೆ ಬರೆದ ಪ್ಲಾನು

ಮನೆ ಕಟ್ಟುವ ಮೊದಲು ಜೆಸಿಬಿ ಕರೆಸಿ ಜಾಗವನ್ನೆಲ್ಲ ಮಟ್ಟ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯುತ್ತಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ. ನೆರಳು ಕೊಡುತ್ತಿದ್ದ ಮರವೂ ಹೋಗುತ್ತದೆ. ಆಮೇಲೆ ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಪರಿಸರಸ್ನೇಹಿ ಮನೆ ಅನ್ನುತ್ತೇವೆ. ಪ್ಯಾನೆಲ್ ಖಂಡಿತ ಇರಲಿ. ಆದರೆ ಮನೆ ತಂಪಾಗಿರುತ್ತದೋ ಕಾಯುತ್ತದೋ ಅನ್ನುವುದು ಅದಕ್ಕೂ ಎಷ್ಟೋ ಮೊದಲು, ಯಾವ ಕೋಣೆ ಯಾವ ದಿಕ್ಕಿಗೆ ಅಂತ ಗೆರೆ ಎಳೆದಾಗಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಪಶ್ಚಿಮದ ಗೋಡೆಯನ್ನೇ ನೋಡಿ. ಸೆಕೆ ಜಾಸ್ತಿ ಇರುವ ನಾಡುಗಳಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿ ಹತ್ತಿರ ಇರುತ್ತಾನೆ. ಎರಡಡಿ ಸಜ್ಜಾ ಇದ್ದರೂ ಕಿಟಕಿಗೆ ನೆರಳು ಸಿಗುತ್ತದೆ. ಸಂಜೆ ನಾಲ್ಕರ ನಂತರದ ಬಿಸಿಲು ಹಾಗಲ್ಲ. ಅದು ಓರೆಯಾಗಿ ಸಜ್ಜಾದ ಕೆಳಗಿಂದಲೇ ನುಗ್ಗುತ್ತದೆ. ಗಾಜು ದಾಟಿ ಬಂದು ನೆಲ, ಗೋಡೆ, ಮಂಚ ಎಲ್ಲವನ್ನೂ ಕಾಯಿಸುತ್ತದೆ. ಆ ಕಾವು ಅದೇ ಗಾಜಿನಿಂದ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಒಳಗೆ ದಪ್ಪ ಪರದೆ ಎಳೆದರೂ ಅಷ್ಟೇನೂ ಪ್ರಯೋಜನವಿಲ್ಲ, ಬಿಸಿಲು ಆಗಲೇ ಒಳಗೆ ಬಂದಾಗಿದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಮರ, ಬಳ್ಳಿ ಚಪ್ಪರ, ತೂತುಗಳಿರುವ ಜಾಲಿ ಗೋಡೆ, ಯಾವುದಾದರೂ ಸರಿ. ಇನ್ನೂ ಒಳ್ಳೆಯದೆಂದರೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಗಳನ್ನು ಆ ಕಡೆ ಇಟ್ಟುಬಿಡುವುದು. ಮಲಗುವ ಕೋಣೆಯಂತೂ ಅಲ್ಲಿ ಬೇಡವೇ ಬೇಡ. (ಚಳಿ ದೇಶಗಳ ಲೆಕ್ಕ ಬೇರೆ, ಅಲ್ಲಿ ಬಿಸಿಲನ್ನು ಒಳಗೆ ಕರೆದುಕೊಳ್ಳಬೇಕು.)

ದಪ್ಪ ಮಣ್ಣಿನ ಗೋಡೆ ಕಟ್ಟಿದರೆ ಸಾಕು, ಮನೆ ತಂಪು ಅನ್ನುವವರಿದ್ದಾರೆ. ನನಗೂ ಮಣ್ಣಿನ ಗೋಡೆ ತುಂಬ ಇಷ್ಟ. ಆದರೆ ಅದು ಎಲ್ಲ ಕಡೆ ಒಗ್ಗುವುದಿಲ್ಲ. ದಪ್ಪ ಗೋಡೆ ಹಗಲಿನ ಕಾವನ್ನು ಹಿಡಿದಿಟ್ಟು, ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ಇರಾನಿನ ಯಜ್ದ್‌ನಂಥ ಮರುಭೂಮಿಯ ಊರಲ್ಲಿ ರಾತ್ರಿ ತಂಪಾಗುವುದರಿಂದ ಇದು ಬಹಳ ಅನುಕೂಲ. ಅಲ್ಲಿ ಚಾವಣಿ ಮೇಲೆ ಎತ್ತರದ ಗಾಳಿಗೋಪುರಗಳೂ ಇವೆ, ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತವೆ. ರಾತ್ರಿಯೂ ಸೆಕೆ ಬಿಡದ ಕಡೆ ಅದೇ ಗೋಡೆ ಮಲಗುವ ಹೊತ್ತಿಗೆ ಬಿಸಿ ಕಾರುತ್ತದೆ. ಮಲೇಷ್ಯಾದ ಹಳೇ ಮನೆಗಳು ಅದಕ್ಕೇ ಬೇರೆ ತರಹ ಇವೆ. ಕಂಬಗಳ ಮೇಲೆ ನಿಂತ ಮನೆ, ತೆಳು ಮರದ ಗೋಡೆ, ತುಂಬ ಕಿಟಕಿ, ಕಡಿದಾದ ಮಾಡು. ನೆಲದಡಿ ಗಾಳಿಗೂ ಮಳೆನೀರಿಗೂ ದಾರಿ. ಒಂದು ಊರಿನ ಪ್ಲಾನನ್ನು ಸುಮ್ನೆ ಇನ್ನೊಂದು ಕಡೆ ಕಟ್ಟಿದರೆ ಆ ಸೆಕೆಗೆ ಆಮೇಲೆ ಎಸಿಯೇ ಗತಿ, ಅಲ್ವಾ?

ಆರ್ಕಿಟೆಕ್ಟ್ ಪ್ಲಾನ್ ತೋರಿಸಿದಾಗ ಹಾಲ್ ಎಷ್ಟು ದೊಡ್ಡದು ಅಂತ ಆಮೇಲೆ ಕೇಳಿ. ಮಳೆಗಾಲದಲ್ಲಿ ಈ ಜಾಗ ನೋಡಿದ್ದೀರಾ, ಗಾಳಿ ಯಾವ ಕಿಟಕಿಯಿಂದ ಬಂದು ಯಾವುದರಿಂದ ಹೋಗುತ್ತದೆ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಮೊದಲು ಕೇಳಿ. ಉತ್ತರ ಸಿಗದಿದ್ದರೆ ಅಡಿಪಾಯ ತೋಡಿಸಬೇಡಿ.